ಹಳೆಯ ಮಳೆಯ ಹಸಿರು



ನಮ್ಮ ಅರಣ್ಯ ಇಲಾಖೆಗಳಲ್ಲಿ ಮರವನ್ನು ಅಳೆಯುವುದಕ್ಕೆ ಗೊತ್ತುಮಾಡಿದ ಒಂದು ಎತ್ತರವಿದೆ: ನೆಲದಿಂದ 1.37 ಮೀಟರ್, ಅಂದರೆ ಆಳಿನ ಎದೆಮಟ್ಟ. ಅಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಂಡರೆ ಮರದ ಲೆಕ್ಕ ಮುಗಿಯಿತು. ಅದರಿಂದಲೇ ನಾಟಾ ಎಷ್ಟು, ಸೌದೆ ಎಷ್ಟು, ಈಗೀಗ ಇಂಗಾಲ ಎಷ್ಟು ಎಂದು ಗುಣಿಸುತ್ತಾರೆ. ಬೇರಿನ ಪಾಲನ್ನು ಮೇಲಿನ ತೂಕದ ಇಂತಿಷ್ಟು ಭಾಗ ಎಂದು ಹಿಡಿದು ಕೊನೆಯಲ್ಲಿ ಸೇರಿಸಿಬಿಡುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ದೊಡ್ಡ ಮರದ ಬೇರನ್ನು ಪೂರ್ತಿ ನೋಡಬೇಕೆಂದರೆ ಆ ಮರ ಉಳಿಯುವುದಿಲ್ಲ. ಉಪಗ್ರಹದ ಕಣ್ಣಿಗೂ ಎಲೆ ಕಾಣುತ್ತದೆಯೇ ಹೊರತು ನೆಲದೊಳಗೇನಿದೆ ಎಂದು ತಿಳಿಯದು.

ಹೀಗಾಗಿ ಹಸಿರಾಗಿದ್ದರೆ ಕಾಡು ಚೆನ್ನಾಗಿದೆ ಎಂದು ನಂಬುವುದು ನಮಗೆ ಅಭ್ಯಾಸವಾಗಿದೆ. ಇಂದಿನ ನನ್ನ ಮಾತು ಈ ನಂಬಿಕೆಯ ಕುರಿತು. ಕಾಡಿನ ಸ್ಥಿತಿ ಬದಲಾದಾಗ ಬೇರು ಅದಕ್ಕೆ ಹೊಂದಿಕೊಳ್ಳುತ್ತದೆ, ನಿಜ. ಆದರೆ ಹೊಂದಿಕೊಳ್ಳುವುದಕ್ಕೆ ಅದಕ್ಕೆ ವರ್ಷಗಳು ಬೇಕು. ಅಲ್ಲಿಯವರೆಗೆ ಮೇಲಿನ ಹಸಿರು ನಮಗೆ ಹೇಳುತ್ತಿರುವುದು ಹಿಂದಿನ ಸುದ್ದಿಯಾಗಿರಬಹುದು.

ಬೇರಿನ ತುದಿಯಿಂದ ಶುರುಮಾಡುತ್ತೇನೆ. ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದೆ ಎನ್ನುತ್ತೇವೆ. ದೂರದ ನೀರಿನ ಸುಳಿವು ಅದಕ್ಕೆ ಸಿಗುವುದಿಲ್ಲ. ಮೈಗೆ ತಾಗಿದ ಪಸೆಯಷ್ಟೇ ಅದಕ್ಕೆ ಗೊತ್ತು. 2014ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಬೇರಿನ ಒಂದು ಮಗ್ಗುಲು ತೇವಕ್ಕೆ, ಇನ್ನೊಂದು ಗಾಳಿಗೆ ತಾಗುವಂತೆ ಬೆಳೆಸಿ ನೋಡಿದರು. ಕವಲುಬೇರುಗಳು ತೇವವಿದ್ದ ಮಗ್ಗುಲಲ್ಲೇ ಮೊಳೆತವು. ಪ್ರಯೋಗಕ್ಕೆ ಬಳಸಿದ್ದು ಮೆಕ್ಕೆಜೋಳ, ಭತ್ತದಂಥ ಸಣ್ಣ ಗಿಡಗಳು. ಮುಗಿಲೆತ್ತರದ ಮರವನ್ನು ಪ್ರಯೋಗಶಾಲೆಯ ಗಾಜಿನಲ್ಲಿ ಇಡಲಾದೀತೇ? ಮರದಲ್ಲಿ ನಮಗೆ ಕಾಣುವುದು ಇದರ ದೊಡ್ಡ ಮೊತ್ತ. ಎರಡು ಮಿಲಿಮೀಟರಿಗಿಂತ ಸಣ್ಣ ಬೇರುಗಳನ್ನು ಮರ ಎಲ್ಲ ಕಡೆಗೂ ಕಳಿಸುತ್ತದೆ. ಪಸೆ, ಸಾರ ಸಿಕ್ಕ ಕಡೆ ಅವು ಕವಲೊಡೆಯುತ್ತವೆ, ಸಿಗದ ಕಡೆ ಸಾಯುತ್ತವೆ. ಇಂಥ ಒಂದೊಂದು ಎಳೆಯ ಆಯುಸ್ಸು ಕೆಲವು ವಾರದಿಂದ ಹಿಡಿದು ಕೆಲವು ವರ್ಷಗಳವರೆಗೆ. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರ ಪುಸ್ತಕದಲ್ಲಿ ಬೇರುತುದಿಯನ್ನು ಕೆಳಸ್ತರದ ಪ್ರಾಣಿಯ ಮಿದುಳಿಗೆ ಹೋಲಿಸಿದ್ದರು. ಹೋಲಿಕೆ ಸೊಗಸಾಗಿದೆ. ಆದರೆ ನನಗೆ ಬೇರಿನ ಬುದ್ಧಿಗಿಂತ ಅದರ ಖರ್ಚು ಹೆಚ್ಚು ಮುಖ್ಯವೆನಿಸುತ್ತದೆ. ಪ್ರತಿ ಹೊಸ ಎಳೆಯೂ ಎಲೆ ಮಾಡಿದ ಸಕ್ಕರೆಯಿಂದ ಆಗಬೇಕು. ನೆಲ ಒಣಗಿದಾಗ ಮರ ಸಕ್ಕರೆಯ ಹೆಚ್ಚಿನ ಪಾಲನ್ನು ಕೆಳಕ್ಕೆ ಇಳಿಸುತ್ತದೆ. ಅದೇ ಹೊತ್ತಿಗೆ ನೀರಿಲ್ಲದೆ ಎಲೆಯ ಬಾಯಿ ಮುಚ್ಚಿ ಸಕ್ಕರೆಯ ಉತ್ಪತ್ತಿಯೂ ಕುಗ್ಗಿರುತ್ತದೆ. ಬೇರಿನ ಅವಶ್ಯಕತೆ ಹೆಚ್ಚಾದಾಗಲೇ ಅದಕ್ಕೆ ಬೇಕಾದ ಬಂಡವಾಳ ಕಡಿಮೆ. ಮುಂದೆ ಹೇಳುವ ಎಲ್ಲದರ ಹಿಂದೆಯೂ ಈ ಇಕ್ಕಟ್ಟು ಇದೆ.

ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ಜಾಗಕ್ಕೆ ಬರೋಣ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಮಲೆಮನೆ ಘಟ್ಟದ ಹತ್ತಿರ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು. ಅಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ಕಾಲಿಟ್ಟರೆ ಹೂತುಹೋಗುವ ಕೆಸರಿನಲ್ಲಿ ಜಾಯಿಕಾಯಿಯ ಕುಟುಂಬದ ಮರಗಳು ನಿಂತಿರುತ್ತವೆ. ಜಿಮ್ನಾಕ್ರಾಂಥೆರಾ ಕೆನರಿಕಾ ಎಂಬ ಮರದ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮಂಡಿಯಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಕಾಂಡದ ಬುಡದಿಂದಲೇ ಬೇರುಗಳನ್ನು ಇಳಿಬಿಟ್ಟು ಅವುಗಳ ಮೇಲೆ ನಿಲ್ಲುತ್ತದೆ. ಚಿತ್ರ ತೆಗೆಯಲು ಬರುವವರಿಗೆ ಇದು ವಿಚಿತ್ರ ನೋಟ. ಮರಕ್ಕೆ ಇದು ಉಸಿರಿನ ಪ್ರಶ್ನೆ.

ಬೇರಿಗೂ ಆಮ್ಲಜನಕ ಬೇಕು. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ನೀರು ನಿಂತ ಮಣ್ಣಿನಲ್ಲಿ ಇದ್ದಬದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗನೆ ಮುಗಿಸುತ್ತವೆ. ಆಮೇಲೆ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್ ಕರಗಿ ಬೇರಿಗೆ ವಿಷವಾಗುತ್ತವೆ. ಆಗ ಬೇರಿನೊಳಗೆ ಎಥಿಲೀನ್ ಅನಿಲ ಹೊರಹೋಗಲಾಗದೆ ಉಳಿಯುತ್ತದೆ. ಅದರ ಸೂಚನೆಯಿಂದ ಕೆಲವು ಜೀವಕೋಶಗಳು ಕುಸಿದು, ಆ ಖಾಲಿ ಜಾಗಗಳು ಒಂದಕ್ಕೊಂದು ಕೂಡಿ ಗಾಳಿಯ ದಾರಿಯಾಗುತ್ತವೆ. ಮಂಡಿಯ ತೊಗಟೆಯ ಮೇಲಿನ ಸಣ್ಣ ರಂಧ್ರಗಳಿಂದ ಒಳಹೊಕ್ಕ ಗಾಳಿ ಆ ದಾರಿಯಲ್ಲಿ ಕೆಳಗಿಳಿಯುತ್ತದೆ. ಬೇರಿನಿಂದ ಸೋರಿದ ಒಂದಿಷ್ಟು ಆಮ್ಲಜನಕ ಸುತ್ತಲಿನ ಕಬ್ಬಿಣವನ್ನು ತುಕ್ಕಾಗಿಸಿ ಅಲ್ಲೇ ಹಿಡಿದಿಡುತ್ತದೆ. ಹೊನ್ನಾವರದ ಅಳಿವೆಯ ಕಾಂಡ್ಲಾ ಕಾಡಿನಲ್ಲಿ ಕೆಸರಿನಿಂದ ಮೊಳೆಯಂತೆ ಎದ್ದ ಉಸಿರುಬೇರುಗಳದ್ದೂ ಇದೇ ಕೆಲಸ, ಅಲ್ಲಿ ಉಪ್ಪಿನ ಕಷ್ಟ ಬೇರೆ.

ಇಷ್ಟು ಕೇಳಿದ ಮೇಲೆ ಯಾರಾದರೂ, ಇಂಥ ಮರಕ್ಕೆ ಇನ್ನೇನು ಭಯ ಎನ್ನಬಹುದು. ಭಯವಿರುವುದು ಇದೇ ಜಾಣತನದಲ್ಲಿ. ಮಂಡಿಬೇರು ವರ್ಷವಿಡೀ ಹರಿಯುವ ಹಳ್ಳದ ನೀರಿನ ಮಟ್ಟಕ್ಕೆ ತಕ್ಕಂತೆ ಬೆಳೆದ ಅಂಗ. ಮೇಲ್ಭಾಗದಲ್ಲಿ ನೀರು ತಿರುಗಿಸಿ ತೋಟಕ್ಕೆ ಒಯ್ದರೆ ಕೆಸರು ಒಣಗಿ ಬಿರಿಯುತ್ತದೆ. ಕೆಳಗೆ ಒಡ್ಡು ಕಟ್ಟಿದರೆ ಮಂಡಿಯೇ ಮುಳುಗುತ್ತದೆ. ಎರಡರಲ್ಲೂ ದೊಡ್ಡ ಮರ ತಕ್ಷಣ ಸಾಯುವುದಿಲ್ಲ. ಕೆಲವು ವರ್ಷ ಎಲೆ ಬಿಡುತ್ತಲೇ ಇರುತ್ತದೆ, ಕಾಯಿಯನ್ನೂ ಬಿಡುತ್ತದೆ. ಈ ಕುಟುಂಬದ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಮೇಲೆ ತಲೆತಲಾಂತರದ ಕಾಡು ನಿಂತಿರುವಾಗಲೇ ಅದರ ಮುಂದಿನ ತಲೆಮಾರು ನಿಂತುಹೋಗಿರುತ್ತದೆ. ಪಶ್ಚಿಮಘಟ್ಟದುದ್ದಕ್ಕೂ ಇಂಥ ಎಷ್ಟೋ ಜಡ್ಡಿಗಳು ಗದ್ದೆಯಾದವು, ಅಡಿಕೆ ತೋಟವಾದವು. ಉಳಿದವು ಚೂರುಚೂರು. ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನಿಗಳು ಹೆಸರಿಟ್ಟು ವಿವರಿಸಿದ್ದು 2000ದಲ್ಲಿ. ಅಷ್ಟು ದೊಡ್ಡ ಮರ ಅಷ್ಟು ತಡವಾಗಿ ಲೆಕ್ಕಕ್ಕೆ ಸಿಕ್ಕಿದ್ದರಿಂದಲೇ ಜಡ್ಡಿಯನ್ನು ನಾವು ಎಷ್ಟು ನೋಡಿದ್ದೇವೆ ಎಂಬುದು ಗೊತ್ತಾಗುತ್ತದೆ.

ಈಗ ಇದಕ್ಕೆ ವಿರುದ್ಧ ದಿಕ್ಕಿಗೆ, ಬಂಡೀಪುರದ ಒಣ ಕಾಡಿಗೆ ಹೋಗೋಣ. ಮತ್ತಿ, ದಿಂಡಿಗ, ತೇಗ, ನಂದಿಗಳ ನಾಡು. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆಯಿಲ್ಲ, ನಡುವೆ ಬೆಂಕಿ. ಇಲ್ಲಿನ ಸಸಿಯನ್ನು ಕಂಡು ವಯಸ್ಸು ಹೇಳುವಂತಿಲ್ಲ. ಮೊಣಕಾಲೆತ್ತರದ ತೇಗದ ಸಸಿ ಹೋದ ವರ್ಷ ಸುಟ್ಟು, ಅದರ ಹಿಂದಿನ ವರ್ಷ ಒಣಗಿ, ಈ ಮುಂಗಾರಿಗೆ ಮತ್ತೆ ಚಿಗುರಿದ್ದಿರಬಹುದು. ಪ್ರತಿ ಸಲ ಮೇಲಿನದು ಹೋಗುತ್ತದೆ, ಕೆಳಗಿನ ಬೇರುಗಡ್ಡೆ ಸ್ವಲ್ಪ ದಪ್ಪವಾಗುತ್ತದೆ. ಸಾಕಷ್ಟು ಕೂಡಿಟ್ಟ ಮೇಲೆ ಒಂದು ಒಳ್ಳೆಯ ವರ್ಷ ಕಾಂಡ ಸರ್ರನೆ ಏರಿ ಬೆಂಕಿಯ ನಾಲಿಗೆಗೆ ಸಿಗದ ಎತ್ತರ ಮುಟ್ಟುತ್ತದೆ. ಅರಣ್ಯ ಇಲಾಖೆಯವರಿಗೆ ಇದು ಹಳೆಯ ಪಾಠ. ತೇಗದ ನೆಡುತೋಪಿಗೆ ಅವರು ನೆಡುವ ಸ್ಟಂಪ್ ಅಂದರೆ ಪಕ್ಕಬೇರುಗಳನ್ನೆಲ್ಲ ಸವರಿದ, ಮೇಲೆ ಎರಡು ಬೆರಳಿನಷ್ಟು ಕಾಂಡ ಉಳಿಸಿದ, ಹೆಬ್ಬೆರಳು ದಪ್ಪದ ತಾಯಿಬೇರು. ಬೇರು ಗಟ್ಟಿಯಿದ್ದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ, ಒಳ್ಳೆಯ ನಂಬಿಕೆಯೇ.

ಬೆಳೆದ ಮರಗಳ ಬೇರು ಎಷ್ಟು ಆಳದಿಂದ ನೀರೆತ್ತುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬಂಡೀಪುರದ ಗಡಿ ದಾಟಿದರೆ ತಮಿಳುನಾಡಿನ ಮುದುಮಲೈ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅಲ್ಲಿ 50 ಹೆಕ್ಟೇರ್ ಕಾಡನ್ನು ಗುರುತುಮಾಡಿ, ಒಂದು ಸೆಂಟಿಮೀಟರ್ ದಪ್ಪ ಮುಟ್ಟಿದ ಪ್ರತಿ ಗಿಡಮರಕ್ಕೂ ನಂಬರು ಕೊಟ್ಟರು. ಸುಮಾರು 26,000 ಆದವು. ಅಂದಿನಿಂದ ವರ್ಷ ವರ್ಷವೂ ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು ಎಂದು ಬರೆದಿಡುತ್ತಿದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ದಪ್ಪ ಅಳೆಯುತ್ತಾರೆ. ಆನೆ ಮುರಿದದ್ದು, ಬೆಂಕಿ ಸುಟ್ಟದ್ದು, ತಾನಾಗಿ ಒಣಗಿದ್ದು, ಎಲ್ಲಕ್ಕೂ ದಾಖಲೆ ಇದೆ. ಇತ್ತ ಬಂಡೀಪುರದ ಮೂಲೆಹೊಳೆಯಲ್ಲಿ ಅದೇ ಸಂಸ್ಥೆಯವರೂ ಫ್ರಾನ್ಸಿನ ಸಂಶೋಧಕರೂ ಸೇರಿ 2003ರಿಂದ ಒಂದು ಪುಟ್ಟ ಜಲಾನಯನವನ್ನೇ ಅಳತೆಗೆ ಒಳಪಡಿಸಿದರು: ಮಳೆ ಎಷ್ಟು, ಹಳ್ಳದಲ್ಲಿ ಹರಿದದ್ದೆಷ್ಟು, ಕೊಳವೆಬಾವಿಯಲ್ಲಿ ನೀರು ಎಲ್ಲಿದೆ. ಅಲ್ಲಿ ಮೇಲೆ ಸುಮಾರು ಎರಡು ಮೀಟರ್ ಮಣ್ಣು. ಅದರ ಕೆಳಗೆ ಗಟ್ಟಿ ಬಂಡೆ ಸಿಗುವವರೆಗೆ ಹತ್ತಾರು ಮೀಟರ್ ಶಿಥಿಲಶಿಲೆ; ಕಂಡರೆ ಕಲ್ಲು, ಕೈಯಲ್ಲಿ ಹಿಸುಕಿದರೆ ಪುಡಿ. ಆ ಪುಡಿಗಲ್ಲು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿದ್ದ ಮಳೆಯ ಬಹುಪಾಲನ್ನು ಮರಗಳೇ ಮತ್ತೆ ಆಕಾಶಕ್ಕೆ ಕಳಿಸುತ್ತವೆ ಎಂದೂ, ಅವು ಆ ಆಳದ ಪುಡಿಗಲ್ಲಿನಿಂದಲೂ ನೀರೆತ್ತುತ್ತವೆ ಎಂದೂ, ಅದರಿಂದ ಅಂತರ್ಜಲಕ್ಕೆ ಇಳಿಯುವ ಪಾಲು ತಡವಾಗುತ್ತದೆ ಎಂದೂ ಅಲ್ಲಿನ ಲೆಕ್ಕ ತೋರಿಸಿತು.

ಈ ಎರಡು ಕೆಲಸಗಳನ್ನು ಜೋಡಿಸಿ ಋತುಜಾ ಚಿತ್ರಾ-ತಾರಕ್ ಮತ್ತು ಸಂಗಡಿಗರು 2018ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಒಂದು ಬೇರನ್ನೂ ಅಗೆಯಲಿಲ್ಲ. ಎರಡು ದಶಕಗಳಲ್ಲಿ ಯಾವ ಯಾವ ಆಳದಲ್ಲಿ ಎಷ್ಟೆಷ್ಟು ನೀರಿತ್ತು ಎಂದು ಲೆಕ್ಕಹಾಕಿದರು. ಯಾವ ಜಾತಿಯ ಮರ ಯಾವ ಅವಧಿಯಲ್ಲಿ ಎಷ್ಟು ದಪ್ಪವಾಯಿತು ಎಂಬುದು ದಾಖಲೆಯಲ್ಲಿ ಇದ್ದೇ ಇತ್ತು. ಯಾವ ಆಳದ ನೀರಿನ ಏರಿಳಿತದೊಂದಿಗೆ ಯಾವ ಜಾತಿಯ ಬೆಳವಣಿಗೆ ತಾಳೆಯಾಗುತ್ತದೆ ಎಂದು ಹಿಮ್ಮುಖವಾಗಿ ಹೊರಟು, ಆಯಾ ಜಾತಿ ನೀರು ಕುಡಿಯುವ ಆಳವನ್ನು ಕಂಡುಕೊಂಡರು.

ಕಂಡದ್ದು ನಮ್ಮ ಸಾಮಾನ್ಯ ತಿಳಿವಳಿಕೆಯನ್ನು ತಲೆಕೆಳಗು ಮಾಡುವಂಥದು. ಬೇರು ಆಳಕ್ಕಿಳಿದಷ್ಟೂ ಮರಕ್ಕೆ ಬರಗಾಲದ ಭಯವಿಲ್ಲ ಎಂದು ನಾವೆಲ್ಲ ತರಗತಿಯಲ್ಲಿ ಹೇಳಿದವರೇ. ಸಾಧಾರಣ ಬಿಸಿಲಿನ ವರ್ಷಗಳಿಗೆ ಅದು ಸರಿ. ಮೇಲಿನ ಮಣ್ಣು ಪ್ರತಿ ಮಳೆಗಾಲ ತುಂಬುತ್ತದೆ, ಪ್ರತಿ ಬೇಸಗೆ ಬರಿದಾಗುತ್ತದೆ. ಆಳದ ಪದರ ಹಾಗಲ್ಲ. ಮೇಲಿನದು ತಣಿದು, ಮರಗಳು ಕುಡಿದು, ಇನ್ನೂ ಉಳಿದ ನೀರು ಮಾತ್ರ ಅಲ್ಲಿಗೆ ಇಳಿಯಬೇಕು. ಭಾರಿ ಮಳೆಯ ವರ್ಷಗಳಲ್ಲಷ್ಟೇ ಅದು ತುಂಬುತ್ತದೆ. ತುಂಬಿದರೆ ಹಲವು ವರ್ಷಕ್ಕೆ ಆಗುವ ಕಣಜ. 2000ದ ನಂತರದ ವರ್ಷಗಳಲ್ಲಿ ಅಲ್ಲಿ ಬರ ಬಂದು ಒಂದೇ ವರ್ಷಕ್ಕೆ ಮುಗಿಯಲಿಲ್ಲ. ಕಣಜ ತುಂಬಲಿಲ್ಲ, ಖರ್ಚು ನಿಲ್ಲಲಿಲ್ಲ. ಆಗ ಹೆಚ್ಚು ಪೆಟ್ಟು ತಿಂದದ್ದು ಆಳದ ನೀರನ್ನು ನೆಚ್ಚಿದ ಜಾತಿಗಳು. ವರ್ಷ ವರ್ಷ ಮೇಲ್ಮಣ್ಣಿನ ಬರಿದನ್ನು ಉಂಡು ಬೆಳೆದ ಜಾತಿಗಳಿಗೆ ಬಾಯಾರಿಕೆ ಹೊಸದಾಗಿರಲಿಲ್ಲ, ಅವು ತಾಳಿಕೊಂಡವು.

ನನ್ನ ದೃಷ್ಟಿಯಲ್ಲಿ ಇದು ನಮ್ಮ ನಾಡಿನ ಕಾಡಿನ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಬಹಳ ಮುಖ್ಯವಾದ ಮಾತುಗಳಲ್ಲೊಂದು. ಏಪ್ರಿಲ್ ತಿಂಗಳಲ್ಲಿ ಒಣ ಕಾಡಿನ ನಡುವೆ ಚಿಗುರಿ ನಿಂತ ಮರ ಆ ವರ್ಷದ ಮಳೆಯನ್ನು ಕುಡಿಯುತ್ತಿರಬೇಕೆಂದಿಲ್ಲ, ಹಿಂದೆಂದೋ ಬಿದ್ದ ಭಾರಿ ಮಳೆಯನ್ನು ಕುಡಿಯುತ್ತಿರಬಹುದು. ಆ ಹಸಿರನ್ನು ಉಪಗ್ರಹ ಎಣಿಸುತ್ತದೆ. ನಾವು ಸಮಾಧಾನ ಪಡುತ್ತೇವೆ. ಅಮೆಜಾನಿನಲ್ಲೂ ಡೇನಿಯಲ್ ನೆಪ್‌ಸ್ಟಾಡ್ ತಂಡ 1994ರಲ್ಲಿ ಇಂಥದೇ ಗುಟ್ಟನ್ನು ತೋರಿಸಿತ್ತು. ತಿಂಗಳುಗಟ್ಟಲೆ ಮಳೆಯಿಲ್ಲದಿದ್ದರೂ ಅಲ್ಲಿನ ಕಾಡು ಎಲೆಯುದುರಿಸದೆ ನಿಲ್ಲುವುದಕ್ಕೆ ಎಂಟು ಮೀಟರಿಗಿಂತ ಕೆಳಗಿನ ನೀರು ಕಾರಣ. ಹದಿನೆಂಟು ಮೀಟರ್ ಆಳದಲ್ಲೂ ಅವರಿಗೆ ಬೇರು ಸಿಕ್ಕಿತು.

ಆಳದ ಬೇರು ತನ್ನೊಬ್ಬನ ಹೊಟ್ಟೆಯನ್ನೇ ನೋಡಿಕೊಳ್ಳುವುದಿಲ್ಲ ಎಂಬುದನ್ನೂ ಸೇರಿಸಬೇಕು. ರಾತ್ರಿ ಎಲೆಯ ಸೆಳೆತ ನಿಂತಾಗ ಆಳದಿಂದ ಏರಿದ ನೀರು ಮೇಲ್ಮಣ್ಣಿನ ಒಣ ಬೇರುಗಳಿಂದ ಹೊರಕ್ಕೆ ಜಿನುಗುತ್ತದೆ. 1993ರಲ್ಲಿ ಟಾಡ್ ಡಾಸನ್ ನ್ಯೂಯಾರ್ಕ್ ರಾಜ್ಯದ ಸಕ್ಕರೆ ಮೇಪಲ್ ಮರಗಳಲ್ಲಿ ಇದನ್ನು ಅಳೆದು, ಸುತ್ತಲಿನ ಸಣ್ಣ ಗಿಡಗಳು ಆ ನೀರನ್ನು ಬಳಸಿಕೊಳ್ಳುವುದನ್ನು ತೋರಿಸಿದರು. ಇದರಲ್ಲಿ ಔದಾರ್ಯವೇನೂ ಇಲ್ಲ. ಒದ್ದೆ ಕಡೆಯಿಂದ ಒಣ ಕಡೆಗೆ ನೀರು ಹೋಗುವುದು ಭೌತಶಾಸ್ತ್ರ. ಉಪಕಾರವಂತೂ ಉಪಕಾರವೇ.

ಔದಾರ್ಯದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಶಿಲೀಂಧ್ರದ ಎಳೆಗಳ ಮೂಲಕ ಮರಗಳು ಮಾತಾಡುತ್ತವೆ, ತಾಯಿಮರ ಮಕ್ಕಳಿಗೆ ಊಟ ಕೊಡುತ್ತದೆ ಎಂಬ ಕತೆಗಳು ಈಗ ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತವೆ. ಇದರ ಬುಡದಲ್ಲಿ ನಿಜವಾದ ವಿಜ್ಞಾನವಿದೆ. ಬೇರು ಮತ್ತು ಶಿಲೀಂಧ್ರದ ಕೂಡುಬಾಳು ಪ್ರಶ್ನಾತೀತ. 1997ರಲ್ಲಿ ಸುಝಾನ್ ಸಿಮಾರ್ಡ್ ಕೆನಡಾದ ಕಾಡಿನಲ್ಲಿ ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ಸಾಗುವುದನ್ನು ತೋರಿಸಿದ್ದೂ ಸರಿ. ಆದರೆ 2023ರಲ್ಲಿ ಜಸ್ಟೀನ್ ಕಾರ್ಸ್ಟ್ ಮತ್ತು ಜೊತೆಗಾರರು ಈ ವಿಷಯದ ಸಾಕ್ಷ್ಯವನ್ನೆಲ್ಲ ಜಾಲಾಡಿ, ಕಾಡಿನಲ್ಲೇ ನಡೆದ ಅಧ್ಯಯನಗಳು ಅಷ್ಟು ದೊಡ್ಡ ಮಾತಿಗೆ ಆಧಾರ ಕೊಡುವುದಿಲ್ಲ ಎಂದರು. ಅವರು ಹೇಳಿದ್ದು ನನಗೆ ಸರಿ ಕಾಣುತ್ತದೆ. ಕಾಡು ತನ್ನನ್ನು ತಾನೇ ಸಾಕಿಕೊಳ್ಳುತ್ತದೆ ಎಂಬ ಕತೆ ನಮ್ಮ ಹೊಣೆಯನ್ನು ಹಗುರ ಮಾಡುವುದರಿಂದಲೇ ಅಷ್ಟು ಪ್ರಿಯವಾಗಿರಬೇಕು.

ನೆರೆಯ ಬೇರಿನಿಂದ ಊಟ ಪಡೆಯುವ ಮರ ಬೇಕೆಂದರೆ ಶ್ರೀಗಂಧವನ್ನು ನೋಡಿ, ಅದು ಕೇಳಿ ಪಡೆಯುವುದಿಲ್ಲ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ತಾಗಿದಲ್ಲಿ ಗುಂಡಿಯಂಥ ಹೀರುಬೇರು ಮೂಡಿ ಒಳಹೊಗುತ್ತದೆ, ನೀರು ಮತ್ತು ಖನಿಜ ಹೀರುತ್ತದೆ. 1871ರಲ್ಲಿ ಜಾನ್ ಸ್ಕಾಟ್ ಇದನ್ನು ಗುರುತಿಸುವವರೆಗೆ ಗಂಧದ ನೆಡುತೋಪು ಏಕೆ ಏಳುವುದಿಲ್ಲ ಎಂಬುದಕ್ಕೆ ಸರಿಯಾದ ಕಾರಣ ಸಿಕ್ಕಿರಲಿಲ್ಲ. 2001ರ ಕಾಯ್ದೆ ತಿದ್ದುಪಡಿಯ ನಂತರ ತಮ್ಮ ಜಮೀನಿನಲ್ಲಿ ಗಂಧ ಬೆಳೆಸಲು ಹೊರಟ ನಮ್ಮ ರೈತರು ಈಗ ಇದನ್ನು ಚೆನ್ನಾಗಿ ಬಲ್ಲರು: ಸಸಿಯ ಜೊತೆ ತೊಗರಿ, ಮುಂದೆ ಸರ್ವೆ ಅಥವಾ ಹೊಂಗೆ. ಕಾಡಿನ ಗಂಧಕ್ಕೆ ಇದೇ ಅನುಕೂಲ ಸುತ್ತಲಿನ ಬಗೆಬಗೆಯ ಗಿಡಗಳಿಂದ ಸಿಗುತ್ತಿತ್ತು. ಸುತ್ತಲಿನದನ್ನು ಸವರಿ ಒಂದೇ ಜಾತಿ ಉಳಿಸಿದ ಕಡೆ ಗಂಧದ ಬೇರು ಎಷ್ಟೇ ಹರಡಿದರೂ ಅದಕ್ಕೆ ಸಿಗುವುದು ಅದೊಂದೇ.

ಇನ್ನು ಗಾಳಿ. ಇದು ಎಲ್ಲರ ಕಣ್ಣಿಗೂ ಬೀಳುವ ವಿಷಯ, ಆದರೂ ಕಾರಣ ಕೇಳುವವರು ಕಡಿಮೆ. ಘಟ್ಟದಲ್ಲಿ ರಸ್ತೆ ಅಗಲ ಮಾಡಿದ ಮೊದಲ ಒಂದೆರಡು ಮಳೆಗಾಲದಲ್ಲಿ ರಸ್ತೆಯಂಚಿನ ಮರಗಳು ಸಾಲಾಗಿ ಉರುಳುತ್ತವೆ. ಮಣ್ಣು ಸಡಿಲವಾಯಿತು ಎನ್ನುತ್ತೇವೆ, ಅದೂ ಇದೆ, ಯಂತ್ರ ಕತ್ತರಿಸಿದ ಬೇರೂ ಇದೆ. ಇನ್ನೊಂದು ಕಾರಣ ಆ ಮರದ ಬಾಲ್ಯದಲ್ಲಿದೆ. ಬೇರು ತಾನುಂಡ ತೂಗಾಟಕ್ಕೆ ತಕ್ಕಂತೆ ಬಲಿಯುತ್ತದೆ. ಸಿಟ್ಕಾ ಸ್ಪ್ರೂಸ್ ಎಂಬ ಮರಗಳಲ್ಲಿ, ಗಾಳಿಯ ತೂಗಾಟ ಉಂಡ ಬೇರುಗಳು ಕಟ್ಟಡದ ಉಕ್ಕಿನ ತೊಲೆಯ ಅಡ್ಡಕೊಯ್ತದ ಆಕಾರವನ್ನೇ ತಾಳಿದ್ದನ್ನು ಅಧ್ಯಯನಗಳು ತೋರಿಸಿವೆ: ಕಡಿಮೆ ಕಟ್ಟಿಗೆ, ಹೆಚ್ಚು ಬಿಗಿ. ಕಾನಿನ ನಡುವೆ ನೂರು ವರ್ಷ ಬೆಳೆದ ಮರಕ್ಕೆ ಸುತ್ತಲಿನ ಮರಗಳೇ ಆಸರೆ. ಅದು ಗಾಳಿಗೆಂದು ಕಟ್ಟಿಗೆ ಕೂಡಿಹಾಕಿಲ್ಲ. ಒಂದೇ ಬೇಸಗೆಯಲ್ಲಿ ಅದನ್ನು ಅಂಚಿನ ಮರ ಮಾಡಿ ಆಷಾಢದ ಗಾಳಿಗೆ ಒಡ್ಡಿದರೆ, ಹೊಸ ಬೇರು ಬಲಿಯಲು ಬೇಕಾದ ವರ್ಷಗಳನ್ನು ಯಾರು ಕೊಡಬೇಕು?

ಮೇಲ್ಮಣ್ಣಿನ ಬೇರುಗಳಿಗೂ ಒಂದು ಮಾತು ಸಲ್ಲಬೇಕು. ಮಲೆನಾಡಿನ ತೋಟಿಗರೂ ಇರುವ ಸಭೆಯಲ್ಲಿ ಇದನ್ನು ಬಿಟ್ಟುಹೋಗುವಂತಿಲ್ಲ. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಾಗಾಗಿ ಮಳೆಕಾಡಿನ ಮರ ಆಹಾರಕ್ಕೆ ಮಣ್ಣಿಗಿಂತ ಮೇಲಿನ ಕೊಳೆಯುವ ದರಕನ್ನೇ, ಅಂದರೆ ಉದುರಿದ ಎಲೆಯನ್ನೇ ನಂಬಿ, ಅದರೊಳಗೇ ಸಣ್ಣಬೇರುಗಳ ಹೆಣಿಗೆ ಹಾಕುತ್ತದೆ. 1970ರ ದಶಕದಲ್ಲಿ ವೆನೆಜುವೆಲಾದ ಬಡಮಣ್ಣಿನ ಕಾಡೊಂದರಲ್ಲಿ ಇಂಥ ಹೆಣಿಗೆಯ ಮೇಲೆ ವಿಕಿರಣಶೀಲ ಗುರುತಿನ ರಂಜಕ, ಕ್ಯಾಲ್ಸಿಯಂ ಚಿಮುಕಿಸಿ ನೋಡಿದಾಗ ಶೇ 0.1ರಷ್ಟು ಮಾತ್ರ ಸೋರಿ ಕೆಳಗಿಳಿಯಿತು. ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಪ್ರತಿ ವರ್ಷ ದರಕು ಗುಡಿಸಿ ಒಯ್ಯುವಾಗ ಹೋಗುವುದು ಗೊಬ್ಬರ ಮಾತ್ರವಲ್ಲ, ಬೇರಿನ ಮನೆಯೂ ಹೋಗುತ್ತದೆ. ತೋಟಕ್ಕೆ ದರಕು ಬೇಡವೆಂದು ನಾನು ಹೇಳುವವನಲ್ಲ. ಒಂದೇ ಬೆಟ್ಟವನ್ನು ಪ್ರತಿ ವರ್ಷ ಬರಿದುಮಾಡದೆ ಸರದಿಯಲ್ಲಿ ಬಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದನ್ನು ಉಳಿದವರೂ ನೋಡಬಹುದು.

ಕೊನೆಯದಾಗಿ ಆಡಳಿತದವರ ಮುಂದೆ ಇಡಬೇಕಾದ ಎರಡು ಸಂಗತಿ. ವನಮಹೋತ್ಸವಕ್ಕೆ ಪಾಲಿಥೀನ್ ಚೀಲದಲ್ಲಿ ಒಂದೂವರೆ ಎರಡು ವರ್ಷ ಕೂಡಿಹಾಕಿದ ಸಸಿಯ ತಾಯಿಬೇರು ಚೀಲದ ತಳಕ್ಕೆ ಬಡಿದು ಸುತ್ತಿಕೊಂಡಿರುತ್ತದೆ. ನೆಟ್ಟ ಮೇಲೂ ಆ ಸುರುಳಿ ಬಿಚ್ಚುವುದಿಲ್ಲ. ದಪ್ಪವಾಗುತ್ತಾ ತನ್ನನ್ನೇ ಬಿಗಿಯುತ್ತದೆ. ಹತ್ತು ವರ್ಷದ ಮೇಲೆ ಮರ ವಾಲಿದಾಗ ದೂರು ಗಾಳಿಯ ಮೇಲೆ ಹೋಗುತ್ತದೆ. ಏಣುಗಳಿರುವ, ತಳ ತೆರೆದ ರೂಟ್ ಟ್ರೇನರುಗಳು ಈಗ ಹೊಸವೇನಲ್ಲ. ಅವು ಇಲ್ಲದ ಕಡೆ ಚೀಲದ ತಳವನ್ನು, ಸುತ್ತಿಕೊಂಡ ಬೇರಿನ ಸಮೇತ, ಚಾಕುವಿನಿಂದ ಕೊಯ್ದು ನೆಡುವುದಕ್ಕೆ ಯಾವ ಅನುದಾನವೂ ಬೇಡ.

ಎರಡನೆಯದಕ್ಕೆ ದುಡ್ಡು ಬೇಕು, ಆದರೆ ಹೆಚ್ಚೇನಲ್ಲ. ಊರಿನಲ್ಲಿ ಅಂತರ್ಜಲ ಇಲಾಖೆಯ ವೀಕ್ಷಣಾ ಬಾವಿಗಳಿವೆ. ಅವುಗಳಲ್ಲಿ ನೀರು ಎಷ್ಟು ಅಡಿಗೆ ಇಳಿಯಿತು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಕಾಡಿನೊಳಗೆ ಅಂಥವು ಬೆರಳೆಣಿಕೆಯಷ್ಟು. ಒಂದೊಂದು ಅರಣ್ಯ ವಲಯದಲ್ಲಿ ಒಂದೆರಡು ಅಳತೆಯ ಕೊಳವೆಗಳಿದ್ದು, ಮಣ್ಣಿನ ಮತ್ತು ಪುಡಿಗಲ್ಲಿನ ತೇವವನ್ನು ವರ್ಷಕ್ಕೆ ನಾಲ್ಕು ಸಲ ಬರೆದಿಟ್ಟರೂ ಸಾಕು, ಯಾವ ಕಾಡು ಹಳೆಯ ಮಳೆಯ ಮೇಲೆ ನಿಂತಿದೆ, ಯಾವುದರ ಕಣಜ ತಳ ಕಾಣುತ್ತಿದೆ ಎಂದು ಎಲೆ ಒಣಗುವ ಮೊದಲೇ ಗೊತ್ತಾಗುತ್ತದೆ. ಆ ವರ್ಷ ಅಲ್ಲಿ ಬೆಂಕಿಯ ಕಾವಲು ಹೆಚ್ಚಿಸಬಹುದು, ನೆರೆಯ ರೆಸಾರ್ಟಿಗೆ ಹೊಸ ಕೊಳವೆಬಾವಿಯ ಅನುಮತಿ ತಡೆಯಬಹುದು. ಮುಂದಿನ ಕಾರ್ಯಯೋಜನೆಯಲ್ಲಿ ಎದೆಮಟ್ಟದ ಸುತ್ತಳತೆಯ ಪಕ್ಕಕ್ಕೆ ಈ ಅಂಕಣವನ್ನೂ ಸೇರಿಸಿ ಎಂದು ಈ ಸಭೆಯಲ್ಲಿರುವ ಅಧಿಕಾರಿಗಳನ್ನು ಕೇಳುತ್ತೇನೆ. ಅಳೆಯಲು ಕೈ ಸಾಲದಿದ್ದರೆ ಈ ಕಾಲೇಜಿನ ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರದ ಹುಡುಗ ಹುಡುಗಿಯರಿದ್ದಾರೆ.